ದಾಖಲಾತಿಯ ತಾರೀಖಿನ ಜಗಳದಲ್ಲಿ ಮರೆತುಹೋದ ಮಗು

ಸಂಕ್ರಾಂತಿ ಕಳೆದರೆ ಸಾಕು, ಊರಿನಿಂದ ಬರುವ ಫೋನುಗಳಲ್ಲಿ ಒಂದು ಪ್ರಶ್ನೆ ತಪ್ಪುವುದಿಲ್ಲ: ‘ಮಗೂನ ಸ್ಕೂಲಿಗೆ ಸೇರಿಸಿದ್ರಾ?’ ಅರಸೀಕೆರೆಯಿಂದ ಅಮ್ಮ ಕೇಳುತ್ತಾರೆ, ತಿಪಟೂರಿನಿಂದ ಅತ್ತೆ ಕೇಳುತ್ತಾರೆ. ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗನಂತೂ ತಾನು ಎಷ್ಟು ಡೊನೇಷನ್ ಕೊಟ್ಟೆ ಎಂಬುದನ್ನೂ ಸೇರಿಸಿಯೇ ಕೇಳುತ್ತಾನೆ. ನಮ್ಮ ಮಗಳಿಗೆ ಈಗ ಮೂರು ವರ್ಷ ನಾಲ್ಕು ತಿಂಗಳು.

ಬೆಹಾಲಾ ಚೌರಸ್ತಾದ ಹತ್ತಿರ ಒಂದು ಪ್ಲೇಸ್ಕೂಲಿಗೆ ಹೋಗಿ ಬಂದಿದ್ದೂ ಆಯಿತು. ಅಲ್ಲಿ ಪರೀಕ್ಷೆ ಅನ್ನುವುದಿಲ್ಲ, ‘ಇಂಟರಾಕ್ಷನ್’ ಅನ್ನುತ್ತಾರೆ. ಮೇಜಿನ ಆಚೆ ಕೂತಿದ್ದವರು ಕೆಂಪು ಚೆಂಡೊಂದನ್ನು ಎತ್ತಿ ಹಿಡಿದು ಇದು ಯಾವ ಬಣ್ಣ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮಗಳು ಚೆಂಡನ್ನೇ ನೋಡುತ್ತಾ ಕನ್ನಡದಲ್ಲಿ ‘ಇದು ಪುಟಿಯುತ್ತಾ?’ ಅಂದಳು. ಅವರಿಗೆ ಅರ್ಥವಾಗಲಿಲ್ಲ. ಚೆಂಡನ್ನು ಕೆಳಗಿಟ್ಟು ನೀಲಿ ಬ್ಲಾಕ್ ಎತ್ತಿದರು. ಅವಳು ಮತ್ತೆ ಬಾಯಿ ಬಿಡಲಿಲ್ಲ. ಹೊರಡುವಾಗ ನಮಗೊಂದು ಸಲಹೆ ಸಿಕ್ಕಿತು. ಮನೆಯಲ್ಲಿ ಇಂಗ್ಲಿಷ್ ಮಾತಾಡಿ, ಎರಡೆರಡು ಭಾಷೆ ಕೇಳಿ ಮಗುವಿಗೆ ಗೊಂದಲವಾಗಿದೆ.

ಎರಡು ಭಾಷೆ ಕೇಳಿ ಬೆಳೆದರೆ ಮಗುವಿನ ಮಾತು ಹಿಂದೆ ಬೀಳುತ್ತದೆ ಎಂಬ ನಂಬಿಕೆಯನ್ನು ಭಾಷಾ ತಜ್ಞರು ಎಂದೋ ಕೈಬಿಟ್ಟಿದ್ದಾರೆ. ಆ ಸಲಹೆಯನ್ನು ನಾವು ಮೆಟ್ಟಿಲಿಳಿಯುವಾಗಲೇ ಮರೆತೆವು. ಮರೆಯಲಾಗದ್ದು ಚೆಂಡಿನ ವಿಷಯ. ಬಣ್ಣಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಅವಳು ಕೇಳಿದ್ದಳು. ಉತ್ತರ ಹೇಳಲು ಭಾಷೆಯೂ ಬೇಕಿರಲಿಲ್ಲ, ಚೆಂಡನ್ನು ಒಮ್ಮೆ ನೆಲಕ್ಕೆ ಬಿಟ್ಟಿದ್ದರೆ ಸಾಕಿತ್ತು.

ಕರ್ನಾಟಕದಲ್ಲಿ ಮೂರು ನಾಲ್ಕು ವರ್ಷದಿಂದ ನಡೆಯುತ್ತಿರುವ ಚರ್ಚೆಯನ್ನು ಇಲ್ಲಿ ಕೂತು ಓದುವಾಗಲೆಲ್ಲ ನನಗೆ ಆ ಚೆಂಡು ನೆನಪಾಗುತ್ತದೆ. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂದು ರಾಜ್ಯ ಸರ್ಕಾರ 2022ರ ಜುಲೈನಲ್ಲಿ ಆದೇಶ ಹೊರಡಿಸಿತು. ಆಗಲೇ ಎಲ್‌ಕೆಜಿ, ಯುಕೆಜಿಯಲ್ಲಿದ್ದ ಮಕ್ಕಳಿಗೆ ಒಂದು ವರ್ಷ ಹೋಗುತ್ತದೆ ಎಂದು ಪೋಷಕರು ದನಿ ಎತ್ತಿದರು, ಜಾರಿ 2025-26ಕ್ಕೆ ಹೋಯಿತು. ಆ ವರ್ಷ ಬಂದಾಗ ಮತ್ತದೇ ಗದ್ದಲ. 2025ರ ಏಪ್ರಿಲ್‌ನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ ಅವರು, ಯುಕೆಜಿ ಮುಗಿಸಿದವರಿಗೆ 5 ವರ್ಷ 5 ತಿಂಗಳಾಗಿದ್ದರೂ ಸಾಕು, ಆದರೆ ಇದು ಈ ಒಂದು ವರ್ಷಕ್ಕೆ ಮಾತ್ರ ಎಂದು ಸಡಿಲಿಕೆ ಕೊಟ್ಟರು. ಈ ನಡುವೆ ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಒಪ್ಪಿಸಿ, ಎರಡು ವರ್ಷದ ಪೂರ್ವ ಪ್ರಾಥಮಿಕದಿಂದ ಶುರುವಾಗುವ 2+8+4ರ ವ್ಯವಸ್ಥೆಯನ್ನು ಶಿಫಾರಸು ಮಾಡಿತು. ಕೇಂದ್ರದ 2020ರ ನೀತಿಯಲ್ಲಿ ಶಾಲಾಪೂರ್ವ ಹಂತ 3ನೇ ವಯಸ್ಸಿಗೇ ಶುರುವಾಗಿ ಮೂರು ವರ್ಷ ನಡೆಯುತ್ತದೆ.

ನಮ್ಮಂಥ ವರ್ಗಾವಣೆಯ ಕುಟುಂಬಗಳಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ನನ್ನ ಹೆಂಡತಿಯದು ಬ್ಯಾಂಕಿನ ಕೆಲಸ, ಎಲ್ಲಿಗೆ ಯಾವಾಗ ಎಂದು ಹೇಳಲಾಗದು. ಕೇಂದ್ರೀಯ ವಿದ್ಯಾಲಯಕ್ಕೆ ಮಾರ್ಚ್ 31ಕ್ಕೆ 6 ತುಂಬಿರಬೇಕು. ಕರ್ನಾಟಕಕ್ಕೆ ಜೂನ್ 1. ಪಶ್ಚಿಮ ಬಂಗಾಳದ ರಾಜ್ಯ ಪಠ್ಯಕ್ರಮದ ಶಾಲೆಗಳ ವರ್ಷ ಶುರುವಾಗುವುದೇ ಜನವರಿಯಲ್ಲಿ. ಏಪ್ರಿಲ್ ಮಧ್ಯದಲ್ಲಿ ಹುಟ್ಟಿದ ಮಗು ಕರ್ನಾಟಕದ ಲೆಕ್ಕದಲ್ಲಿ ಈ ವರ್ಷ ಒಂದನೇ ತರಗತಿಗೆ ಸೇರಬಹುದು, ಅದೇ ಮಗು ಕೇಂದ್ರೀಯ ವಿದ್ಯಾಲಯದ ಲೆಕ್ಕದಲ್ಲಿ ಎರಡು ವಾರದ ಕೊರತೆಯಿಂದ ಒಂದು ವರ್ಷ ಕಾಯಬೇಕು. ಇನ್ನೆರಡು ವರ್ಷದಲ್ಲಿ ವರ್ಗಾವಣೆ ಇರುವವರು ಜನ್ಮದಿನಾಂಕವನ್ನು ಈ ತಾರೀಖುಗಳ ಪಕ್ಕ ಇಟ್ಟು ಈಗಲೇ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಪೋಷಕರ ಆತಂಕವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಲಕ್ಷಗಟ್ಟಲೆ ಶುಲ್ಕ ಕಟ್ಟಿದವರಿಗೆ ಒಂದು ವರ್ಷವೆಂದರೆ ದುಡ್ಡೂ ಹೌದು, ಮಗುವಿನ ಜೊತೆಗಾರರು ಮುಂದೆ ಹೋದರೆಂಬ ನೋವೂ ಹೌದು. ಸರ್ಕಾರ ಪದೇಪದೇ ಮಾತು ಬದಲಿಸಿದ್ದು ಆ ಆತಂಕಕ್ಕೆ ತುಪ್ಪ ಸುರಿದಿದೆ. ನನ್ನ ತಕರಾರು ಬೇರೆ. ಚರ್ಚೆಯೆಲ್ಲ ಮಗು ಯಾವ ದಿನ ಯಾವ ಬಾಗಿಲು ದಾಟಬೇಕು ಎಂಬುದರ ಸುತ್ತಲೇ ತಿರುಗಿತು. ಬಾಗಿಲಿನ ಆಚೆ ಯಾರಿದ್ದಾರೆ, ಅವರಿಗೆ ಒಂದು ಮಗುವಿನ ಮುಖ ನೋಡಲು ದಿನಕ್ಕೆ ಎಷ್ಟು ನಿಮಿಷ ಸಿಗುತ್ತದೆ ಎಂದು ಕೇಳಿದವರು ಕಡಿಮೆ.

ಇದಕ್ಕೆ ಸಂವಿಧಾನದಲ್ಲೇ ಒಂದು ಬೇರು ಇದೆ. 14 ವರ್ಷದವರೆಗಿನ ಎಲ್ಲ ಮಕ್ಕಳಿಗೂ ಹತ್ತು ವರ್ಷದೊಳಗೆ ಉಚಿತ ಶಿಕ್ಷಣ ಕೊಡಲು ಪ್ರಯತ್ನಿಸಬೇಕು ಎಂದು ಮೂಲದ 45ನೇ ವಿಧಿ ಹೇಳಿತ್ತು. ಅದರಲ್ಲಿ ಎಳೆಯ ಮಕ್ಕಳನ್ನು ಬೇರೆ ಮಾಡಿರಲಿಲ್ಲ. 2002ರ 86ನೇ ತಿದ್ದುಪಡಿ 6ರಿಂದ 14ರವರೆಗಿನ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿತು. 6ರ ಒಳಗಿನವರ ಆರೈಕೆ, ಶಿಕ್ಷಣಕ್ಕೆ ಮಾತ್ರ ‘ಸರ್ಕಾರ ಪ್ರಯತ್ನಿಸತಕ್ಕದ್ದು’ ಎಂಬ ಹಳೆಯ ದಾಟಿಯ ಮಾತನ್ನೇ ಉಳಿಸಿತು. ಶಾಲೆಗೆ ಸೇರಿಸಿಕೊಳ್ಳುವಾಗ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷಿಸಬಾರದು ಎಂದು ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ಹೇಳುತ್ತದೆ. ಆದರೆ ಆ ಕಾಯ್ದೆಯ ಪ್ರಕಾರ ‘ಮಗು’ ಎಂದರೆ 6ರಿಂದ 14 ವರ್ಷದವರು. ನನ್ನ ಮಗಳು ಅದರ ಕಣ್ಣಿಗೆ ಇನ್ನೂ ಮಗುವೇ ಆಗಿಲ್ಲ. ಅದಕ್ಕೇ ಬೆಹಾಲಾದ ಕೆಂಪು ಚೆಂಡಿಗೂ ಬೆಂಗಳೂರಿನ ‘ಇಂಟರಾಕ್ಷನ್’ಗೂ ಹೇಳುವವರು ಕೇಳುವವರು ಇಲ್ಲ.

ಹಾಗಾದರೆ ಈ ವಯಸ್ಸಿನ ಮಗುವಿಗೆ ಬೇಕಾದುದೇನು? ಮಿದುಳಿನ ಬೆಳವಣಿಗೆಯ ಶೇ 85ಕ್ಕಿಂತ ಹೆಚ್ಚು 6 ವರ್ಷದೊಳಗೇ ಆಗುತ್ತದೆ ಎಂದು 2020ರ ಶಿಕ್ಷಣ ನೀತಿ ಬರೆದಿದೆ. ಈ ಅಂಕಿಯನ್ನು ಖಾಸಗಿ ಪ್ಲೇಸ್ಕೂಲುಗಳು ತಮ್ಮ ಜಾಹೀರಾತಿಗೆ ಬಳಸಿಕೊಂಡಷ್ಟು ಇನ್ನಾರೂ ಬಳಸಿಕೊಂಡಿಲ್ಲ. ಮಿದುಳು ಬೆಳೆಯುತ್ತದೆ, ಆದ್ದರಿಂದ ಅಕ್ಷರ ತುಂಬಿ ಎಂಬುದು ಅವರ ತರ್ಕ. ಸಂಶೋಧನೆ ಹೇಳುವುದು ಬೇರೆ.

ನಮ್ಮ ಕಡೆಯ ಬಾಣಂತನವನ್ನೇ ನೋಡಿ. ಮೂರರಿಂದ ಐದು ತಿಂಗಳು ತವರಿನಲ್ಲಿ. ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು ಇವೆಲ್ಲದರ ಬಗ್ಗೆ ಇಂದಿನ ವೈದ್ಯರಿಗೆ ತಕರಾರಿದ್ದರೂ ಇರಬಹುದು, ಹೊಗೆಯ ಬಗ್ಗೆ ನನಗೂ ಇದೆ. ಆದರೆ ಆ ವ್ಯವಸ್ಥೆ ಒಂದು ದೊಡ್ಡ ಕೆಲಸ ಮಾಡುತ್ತಿತ್ತು. ಮಗುವಿನ ಸುತ್ತ ಪುರುಸೊತ್ತಿರುವ ಎರಡು ಮೂರು ಜನರನ್ನು ಕೂರಿಸುತ್ತಿತ್ತು. ಎರಡು ತಿಂಗಳ ಕೂಸು ‘ಅಂಗೂ’ ಅಂದರೆ ನಮ್ಮತ್ತೆ ಬಟಾಣಿ ಬಿಡಿಸುತ್ತಾ ‘ಹೌದೇನೇ? ಆಮೇಲೆ ಏನಾಯ್ತು?’ ಅನ್ನುವರು. ಕೂಸು ಮತ್ತೊಂದು ಸದ್ದು ಮಾಡುವುದು. ‘ಅಯ್ಯೋ, ಹಾಗಂದ್ರಾ?’ ಕಾಲು ಗಂಟೆ ಈ ಸಂಭಾಷಣೆ ನಡೆಯುತ್ತಿತ್ತು. ನಾನು ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಇದನ್ನು ತಮಾಷೆ ಎಂದುಕೊಂಡಿದ್ದೆ.

ಹಾರ್ವರ್ಡ್ ವಿಶ್ವವಿದ್ಯಾಲಯದ ಮಕ್ಕಳ ಬೆಳವಣಿಗೆಯ ಕೇಂದ್ರ ಇದನ್ನೇ ಟೆನಿಸ್ ಆಟಕ್ಕೆ ಹೋಲಿಸಿ ವಿವರಿಸುತ್ತದೆ. ಮಗು ಚೆಂಡು ಹಾಕುತ್ತದೆ, ದೊಡ್ಡವರು ಹಿಂದಿರುಗಿಸುತ್ತಾರೆ. ಮಿದುಳಿನ ಸಂಪರ್ಕಗಳು ಗಟ್ಟಿಯಾಗುವುದು ಈ ಹೋಗಿಬರುವ ಆಟದಲ್ಲಿ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಮಾಡಿದ ಒಂದು ಪ್ರಯೋಗ ಈ ಆಟ ನಿಂತರೆ ಏನಾಗುತ್ತದೆಂದು ತೋರಿಸಿತು. ಕೂಸಿನ ಜೊತೆ ನಗುತ್ತಾ ಮಾತಾಡುತ್ತಿದ್ದ ತಾಯಿ ಒಂದೆರಡು ನಿಮಿಷ ಯಾವ ಭಾವವೂ ಇಲ್ಲದೆ ಸುಮ್ಮನೆ ಕೂರಬೇಕು. ಕೂಸು ಮೊದಲು ನಗುತ್ತದೆ, ಬೆರಳು ತೋರಿಸುತ್ತದೆ, ಕೂಗುತ್ತದೆ. ಯಾವುದಕ್ಕೂ ಉತ್ತರ ಬಾರದಿದ್ದಾಗ ಮುಖ ತಿರುಗಿಸುತ್ತದೆ, ಕಡೆಗೆ ಅಳುತ್ತದೆ. ತಾಯಿ ಎದ್ದು ಹೋಗಿಲ್ಲ, ಎದುರಿಗೇ ಇದ್ದಾಳೆ. ಇದನ್ನು ಓದಿದ ದಿನ ನನಗೆ ಕಂಡದ್ದು ಸಂಜೆ ಮನೆಗೆ ಬಂದು ಮೊಬೈಲಿನಲ್ಲಿ ಆಫೀಸಿನ ಮೆಸೇಜ್ ನೋಡುವ ನನ್ನದೇ ಮುಖ.

ಇನ್ನೊಂದು ಪ್ರಯೋಗ ಹೊರನಾಡಿನವರಿಗೆ ನೇರ ಸಂಬಂಧಪಟ್ಟದ್ದು. ಪೆಟ್ರೀಷಿಯಾ ಕುಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಗಳ 9 ತಿಂಗಳ ಕೂಸುಗಳಿಗೆ ನಾಲ್ಕು ವಾರದಲ್ಲಿ 12 ಸಲ ಚೀನೀ ಭಾಷೆ ಕೇಳಿಸಿದರು. ಒಂದು ಗುಂಪಿನ ಜೊತೆ ಮನುಷ್ಯರೇ ಕೂತು ಆಡುತ್ತಾ ಮಾತಾಡಿದರು. ಇನ್ನೊಂದಕ್ಕೆ ಅದೇ ಮಾತನ್ನು ಪರದೆಯ ಮೇಲೆ ತೋರಿಸಿದರು. ಮೊದಲ ಗುಂಪು ಆ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿಯಿತು, ಎರಡನೆಯದು ಏನನ್ನೂ ಕಲಿಯಲಿಲ್ಲ. ಮಗುವಿಗೆ ಕನ್ನಡ ಬರಲಿ ಎಂದು ಯೂಟ್ಯೂಬಿನಲ್ಲಿ ಕನ್ನಡದ ಪದ್ಯ ಹಾಕಿಟ್ಟು ಅಡುಗೆಮನೆಗೆ ಹೋಗುವ ನಾವೆಲ್ಲ ಇದನ್ನು ಗಮನಿಸಬೇಕು. ಎರಡು ವರ್ಷದ ಒಳಗೆ ಪರದೆಯೇ ಬೇಡ, ಎರಡರಿಂದ ಐದರವರೆಗೆ ದೊಡ್ಡವರ ಜೊತೆಯಲ್ಲಿ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ ಎಂದು ಭಾರತೀಯ ಮಕ್ಕಳ ವೈದ್ಯರ ಸಂಘಟನೆಯಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2021ರಲ್ಲಿ ಹೇಳಿದ್ದೂ ಇದೇ ಕಾರಣಕ್ಕೆ.

ಆದರೆ ವೀಡಿಯೊ ಕಾಲ್ ಬೇರೆ ಜಾತಿಗೆ ಸೇರಿದ್ದು. 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಎರಡು ಎರಡೂವರೆ ವರ್ಷದ ಮಕ್ಕಳು ವೀಡಿಯೊ ಕರೆಯಲ್ಲಿ ಮಾತಾಡಿದವರಿಂದ ಹೊಸ ಪದಗಳನ್ನು ಎದುರಿಗೆ ಕೂತವರಿಂದ ಕಲಿತಂತೆಯೇ ಕಲಿತರು. ಮೊದಲೇ ಮುದ್ರಿಸಿಟ್ಟ ವೀಡಿಯೊದಿಂದ ಕಲಿಯಲಿಲ್ಲ. ವ್ಯತ್ಯಾಸ ಇಷ್ಟೇ: ಕರೆಯಲ್ಲಿರುವ ಅಜ್ಜಿ ಉತ್ತರ ಕೊಡುತ್ತಾರೆ. ದೂರದ ಅಜ್ಜಿಯರಿಗೆ ಇದು ಸಮಾಧಾನದ ಸುದ್ದಿ. ‘ಹಾಯ್ ಹೇಳು, ಅಜ್ಜಿಗೆ ಮುತ್ತು ಕೊಡು’ ಎಂದು ನಾವು ಹಿಂದೆ ನಿಂತು ಹೇಳಿಕೊಡುವುದನ್ನು ಬಿಟ್ಟು ಇಬ್ಬರನ್ನೇ ಮಾತಿಗೆ ಬಿಟ್ಟರೆ ಇನ್ನೂ ಒಳ್ಳೆಯದು. ನಮ್ಮಮ್ಮ ಈಗ ಅರಸೀಕೆರೆಯಲ್ಲಿ ಚಪಾತಿ ಹಿಟ್ಟು ಕಲಸುತ್ತಾ ಫೋನನ್ನು ಡಬ್ಬಿಗೆ ಒರಗಿಸಿಡುತ್ತಾರೆ, ಇಲ್ಲಿ ಮಗಳೂ ಒಂದು ಉಂಡೆ ಹಿಟ್ಟು ಹಿಡಿದು ಕೂರುತ್ತಾಳೆ.

ಹಗಲು ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಆ ಚೆಂಡನ್ನು ಹಿಂದಿರುಗಿಸುವವರು ಮಾಶಿ. ಕೋಲ್ಕತ್ತಾದಲ್ಲಿ ‘ಆಯಾ ಸೆಂಟರ್’ ಎಂಬ ವ್ಯವಸ್ಥೆಯಿದೆ. ವಯಸ್ಸಾದವರನ್ನು, ರೋಗಿಗಳನ್ನು, ಮಕ್ಕಳನ್ನು ನೋಡಿಕೊಳ್ಳಲು 12 ಗಂಟೆಯ ಪಾಳಿಗೆ ಹೆಂಗಸರನ್ನು ಕಳಿಸುತ್ತಾರೆ. ಬೆಹಾಲಾದಲ್ಲಿ ಲೈಟ್ ಕಂಬಗಳಿಗೆ ಅಂಟಿಸಿದ ಚೀಟಿಗಳಲ್ಲಿ ಅರ್ಧ ಇವರದೇ. ನಾವು ಮೊದಲು ಇಟ್ಟುಕೊಂಡಿದ್ದ ಮಾಶಿ ಎಂಟು ತಿಂಗಳಿದ್ದರು. ಒಂದು ಸೋಮವಾರ ಸೆಂಟರಿನವರು ಇನ್ನೊಬ್ಬರನ್ನು ಕಳಿಸಿದರು, ಅವರನ್ನು ಬೇರೆ ಕಡೆ ಹಾಕಿದ್ದೇವೆ ಎಂದರು. ನಮಗದು ವ್ಯವಸ್ಥೆಯ ಬದಲಾವಣೆ. ಆಗ ಎರಡು ವರ್ಷದವಳಾಗಿದ್ದ ಮಗಳಿಗೆ ದಿನದ ಹತ್ತು ಗಂಟೆ ಜೊತೆಗಿದ್ದ ಒಬ್ಬ ಮನುಷ್ಯಳು ಹೇಳದೆ ಕೇಳದೆ ಮಾಯವಾದಂತೆ. ಊಟ ಬಿಟ್ಟಳು, ಕಲಿತಿದ್ದ ಬಂಗಾಳಿ ಮಾತು ನಿಲ್ಲಿಸಿದಳು, ಕರೆಗಂಟೆ ಬಾರಿಸಿದರೆ ಬಾಗಿಲಿಗೆ ಓಡುವಳು. ಹಲ್ಲು ಬರುತ್ತಿರಬೇಕು ಎಂದುಕೊಂಡು ನಾವು ಡಾಕ್ಟರ ಹತ್ತಿರ ಹೋದೆವು. ಅವರು ಬಾಯಿ ನೋಡಿ, ‘ಮನೆಯಲ್ಲಿ ಯಾರಾದರೂ ಬದಲಾದರೇ?’ ಎಂದು ಕೇಳಿದರು. ಅಷ್ಟು ಚಿಕ್ಕ ಮಗುವಿಗೆ ಅಗಲಿಕೆಯ ದುಃಖವಿರುತ್ತದೆ ಎಂಬುದು ಎಂ.ಟೆಕ್ ಮಾಡಿದ ನನಗೆ ಹೊಳೆದಿರಲಿಲ್ಲ. ಆಮೇಲೆ ಹಳೆಯ ಮಾಶಿಯ ನಂಬರು ಹುಡುಕಿ ಎರಡು ಭಾನುವಾರ ಮನೆಗೆ ಕರೆಸಿದೆವು. ಹೊಸಬರು ಇದ್ದಾಗಲೇ ಅವರು ಬಂದರು, ಹೋಗುವಾಗ ಹೇಳಿ ಹೋದರು. ಅಷ್ಟರಿಂದಲೇ ಸುಮಾರು ಸರಿಹೋಯಿತು.

ಈಗಿನ ಮಾಶಿ ಬಜ್‌ಬಜ್ ಕಡೆಯ ಹಳ್ಳಿಯವರು. ಬೆಳಿಗ್ಗೆ ಲೋಕಲ್ ಹಿಡಿದು ಮಾಝೆರ್‌ಹಾಟ್‌ನಲ್ಲಿ ಇಳಿದು ಇಲ್ಲಿಗೆ ಬರುತ್ತಾರೆ. ಅವರಿಗೆ ನಾಲ್ಕು ವರ್ಷದ ಮಗನಿದ್ದಾನೆ. ನನ್ನ ಮಗಳ ಮಾತಿಗೆ ಓಗೊಡಲು ಅವರು ತಮ್ಮ ಮಗ ಏಳುವ ಮೊದಲೇ ಮನೆ ಬಿಡುತ್ತಾರೆ. ಹುಡುಗ ಬೆಳಿಗ್ಗೆ ‘ಖಿಚುಡಿ ಇಸ್ಕೂಲಿ’ಗೆ ಹೋಗುತ್ತಾನೆ. ಬಂಗಾಳದಲ್ಲಿ ಅಂಗನವಾಡಿಗೆ ಜನ ಇಟ್ಟ ಹೆಸರು ಅದು. ನಮ್ಮಲ್ಲಿ ಕೆಲವು ಕಡೆ ಉಪ್ಪಿಟ್ಟಿನ ಶಾಲೆ ಎನ್ನುತ್ತಿದ್ದುದು ನೆನಪಾಗುತ್ತದೆ. ‘ಅಲ್ಲಿ ಏನು ಮಾಡುತ್ತಾನೆ?’ ಎಂದು ಒಮ್ಮೆ ಕೇಳಿದೆ. ಖಿಚುಡಿ ತಿನ್ನುತ್ತಾನೆ, ಮೊಟ್ಟೆ ಇದ್ದ ದಿನ ಮೊಟ್ಟೆ, ಆಮೇಲೆ ಮನೆಗೆ ಬರುತ್ತಾನೆ ಎಂದರು. ದೂರಿನ ದನಿ ಇರಲಿಲ್ಲ. ದಿದಿಮಣಿಗೆ ಬರೆಯುವ ಕೆಲಸವೇ ತುಂಬ, ಪಾಪ, ಎಂದೂ ಸೇರಿಸಿದರು.

ಐಸಿಡಿಎಸ್ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಬ್ಲಾಕುಗಳಲ್ಲಿ. ಕರ್ನಾಟಕಕ್ಕೆ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಐವತ್ತು ವರ್ಷ ತುಂಬಿದ ಈ ಯೋಜನೆಯಡಿ ಇಂದು ದೇಶದಲ್ಲಿ ಸುಮಾರು 14 ಲಕ್ಷ, ಕರ್ನಾಟಕದಲ್ಲಿ ಸುಮಾರು 70 ಸಾವಿರ ಕೇಂದ್ರಗಳಿವೆ. ಇಷ್ಟು ವ್ಯಾಪಕವಾದ ಜಾಲ ಜಗತ್ತಿನಲ್ಲಿ ಹೆಚ್ಚಿಲ್ಲ. ಆದರೆ ಒಂದು ಕೇಂದ್ರವೆಂದರೆ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಪೂರಕ ಆಹಾರ, ತೂಕ, ಲಸಿಕೆ, ಗರ್ಭಿಣಿಯರ ಭೇಟಿ, ಸಮೀಕ್ಷೆ, ಚುನಾವಣೆಯ ಕೆಲಸ ಎಲ್ಲ ಮುಗಿದ ಮೇಲೆ ಉಳಿದದ್ದು ಮಕ್ಕಳ ಕಲಿಕೆಗೆ. 2018ರ ಅಕ್ಟೋಬರ್‌ನಲ್ಲಿ ನಿಗದಿಯಾದ ಕೇಂದ್ರದ ಗೌರವಧನ ತಿಂಗಳಿಗೆ 4,500 ರೂಪಾಯಿ, ಅದರ ಮೇಲೆ ರಾಜ್ಯಗಳು ತಮ್ಮ ಪಾಲು ಸೇರಿಸುತ್ತವೆ. ಇವರಿಗೂ ಗ್ರಾಚ್ಯುಟಿ ಸಲ್ಲಬೇಕು ಎಂದು ಹೇಳಲು 2022ರಲ್ಲಿ ಸುಪ್ರೀಂ ಕೋರ್ಟೇ ಬೇಕಾಯಿತು.

ನನ್ನ ವೃತ್ತಿಗೆ ಸಂಬಂಧಪಟ್ಟ ಒಂದು ಮಾತನ್ನು ಇಲ್ಲಿ ಹೇಳಬೇಕು. 2021ರಿಂದ ಅಂಗನವಾಡಿಗಳಲ್ಲಿ ‘ಪೋಷಣ್ ಟ್ರ್ಯಾಕರ್’ ಆ್ಯಪ್ ಇದೆ. ಎತ್ತರ, ತೂಕ, ಹಾಜರಿ ಅದರಲ್ಲಿ ದಾಖಲಾಗಬೇಕು. ಮನೆಗೆ ಕೊಡುವ ಆಹಾರ ಪಡೆಯಲು 2025ರಿಂದ ಮುಖಚಹರೆಯ ಗುರುತೂ ಕಡ್ಡಾಯ. ಸೋರಿಕೆ ತಡೆಯಲು ಇದು ಬೇಕಿತ್ತು ಎಂಬ ವಾದವನ್ನು ಒಪ್ಪೋಣ. ಆದರೆ ಸಾಫ್ಟ್‌ವೇರ್ ಮಾಡುವ ಯಾರನ್ನಾದರೂ ಕೇಳಿ, ಡ್ಯಾಷ್‌ಬೋರ್ಡಿನಲ್ಲಿ ಕಾಣುವುದೇ ಕೆಲಸವಾಗುತ್ತದೆ, ಕಾಣದ್ದು ನಿಧಾನವಾಗಿ ಬಿಟ್ಟುಹೋಗುತ್ತದೆ. ತೂಕಕ್ಕೆ ಒಂದು ಅಂಕಣವಿದೆ. ಇವತ್ತು ಬೆಳಿಗ್ಗೆ ಅಳುತ್ತಾ ಬಂದ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಹತ್ತು ನಿಮಿಷ ಮಾತಾಡಿಸಿದ್ದಕ್ಕೆ ಅಂಕಣವಿಲ್ಲ. ನೆಟ್‌ವರ್ಕ್ ಸಿಗದೆ ಮುಖದ ಫೋಟೊ ಮೂರು ಸಲ ತೆಗೆಯಬೇಕಾಗಿ ಬಂದಾಗ ಆ ಹತ್ತು ನಿಮಿಷವೇ ಮೊದಲು ಹೋಗುವುದು.

ಕಾಗದದ ಮೇಲೆ ಕೊರತೆಯಿಲ್ಲ. 2023ರ ಮೇ ತಿಂಗಳಲ್ಲಿ ‘ಪೋಷಣ್ ಭೀ ಪಢಾಯಿ ಭೀ’ ಬಂತು. 2024ರಲ್ಲಿ ಬಂದ ‘ನವಚೇತನ’ದಲ್ಲಿ ಹುಟ್ಟಿನಿಂದ 3 ವರ್ಷದವರೆಗೆ ತಿಂಗಳುವಾರು 140 ಚಟುವಟಿಕೆಗಳಿವೆ. ಕೂಸಿನ ಸದ್ದಿಗೆ ಸದ್ದಿನಲ್ಲಿ ಉತ್ತರಿಸಿ, ಕಣ್ಣಲ್ಲಿ ಕಣ್ಣಿಟ್ಟು ನೋಡಿ ಎಂಬಂಥವೂ ಅದರಲ್ಲಿವೆ. ಅಂದರೆ ನಮ್ಮತ್ತೆಯ ವಿದ್ಯೆಯೇ. ಚೆನ್ನಾಗಿದೆ. ಮಾಡುವವರು ಮಾತ್ರ ಅದೇ ಒಬ್ಬ ಕಾರ್ಯಕರ್ತೆ.

ಇನ್ನೊಬ್ಬರನ್ನು ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಪಕ್ಕದಲ್ಲೇ ಪುರಾವೆ ಇದೆ. ಕಾರ್ತಿಕ್ ಮುರಳೀಧರನ್ ಮತ್ತು ಸಹೋದ್ಯೋಗಿಗಳು ತಮಿಳುನಾಡಿನ 320 ಅಂಗನವಾಡಿಗಳಲ್ಲಿ ಒಂದು ಅಧ್ಯಯನ ನಡೆಸಿದರು. ಅರ್ಧ ಕೇಂದ್ರಗಳಿಗೆ ಮಕ್ಕಳ ಕಲಿಕೆಗೆಂದೇ ಅರ್ಧ ದಿನದ ಒಬ್ಬ ಹೆಚ್ಚುವರಿ ಕಾರ್ಯಕರ್ತೆಯನ್ನು ಕೊಡಲಾಯಿತು. ಕಲಿಸುವ ಸಮಯ ಎರಡರಷ್ಟಾಯಿತು. ಗಣಿತ, ಭಾಷೆ ಎರಡರಲ್ಲೂ ಮಕ್ಕಳು ಮುಂದೆ ಬಂದರು. ಮೊದಲಿದ್ದ ಕಾರ್ಯಕರ್ತೆಗೆ ಆಹಾರ, ಆರೋಗ್ಯದ ಕೆಲಸಕ್ಕೆ ಕೈ ಬಿಡುವಾದ್ದರಿಂದ ಕುಂಠಿತ ಬೆಳವಣಿಗೆಯೂ ಕಡಿಮೆಯಾಯಿತು. ಹೊಸ ಕಟ್ಟಡವಿಲ್ಲ, ಟ್ಯಾಬ್ ಇಲ್ಲ, ಸ್ಮಾರ್ಟ್ ಟಿವಿ ಇಲ್ಲ. ಒಬ್ಬ ಮನುಷ್ಯಳು ಹೆಚ್ಚಾದಳು, ಅಷ್ಟೆ.

ಎಳೆಯ ವಯಸ್ಸಿನ ಈ ಗಮನದ ಫಲ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಜಮೈಕಾದ ಉದಾಹರಣೆ ಪ್ರಸಿದ್ಧ. 1986-87ರಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಕಿಂಗ್‌ಸ್ಟನ್ ನಗರದ ಬಡ ಕುಟುಂಬಗಳ, ಬೆಳವಣಿಗೆ ಕುಂಠಿತವಾದ 129 ಮಕ್ಕಳ ಅಧ್ಯಯನ ಆರಂಭಿಸಿದರು. ಕೆಲವು ಮನೆಗಳಿಗೆ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೊಮ್ಮೆ ಒಂದು ಗಂಟೆ ಹೋಗಿ, ಮನೆಯಲ್ಲೇ ಮಾಡಿದ ಆಟಿಕೆಗಳಿಂದ ಮಗುವಿನೊಡನೆ ಆಡುವುದನ್ನು ತಾಯಂದಿರಿಗೆ ತೋರಿಸಿದರು. ಎರಡು ವರ್ಷ ಇಷ್ಟೇ ನಡೆದದ್ದು. ಇಪ್ಪತ್ತು ವರ್ಷದ ನಂತರ ಆ ಮಕ್ಕಳ ಗಳಿಕೆ, ಭೇಟಿ ಸಿಗದ ಮಕ್ಕಳಿಗಿಂತ ಶೇ 25ರಷ್ಟು ಹೆಚ್ಚಿತ್ತು. ಇದೇ ಮಾದರಿಯನ್ನು ನಮ್ಮ ನೆರೆಯ ಒಡಿಶಾದ ಕಟಕ್ ನಗರದ ಕೊಳೆಗೇರಿಗಳಲ್ಲಿ ಪ್ರಯತ್ನಿಸಿದಾಗಲೂ ಮಕ್ಕಳ ಗ್ರಹಿಕೆ ಸುಧಾರಿಸಿದ್ದು ಕಂಡುಬಂತು.

ಕರ್ನಾಟಕದಲ್ಲಿ ಏನಾಯಿತು? 2024ರಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಶಿಕ್ಷಣ ಇಲಾಖೆ ಮುಂದಾಯಿತು. ತಮ್ಮ ಕೇಂದ್ರಗಳು ಖಾಲಿಯಾಗುತ್ತವೆ ಎಂದು ಅಂಗನವಾಡಿ ಕಾರ್ಯಕರ್ತೆಯರು ಪ್ರತಿಭಟಿಸಿದರು. ಆಮೇಲೆ ಬೆಂಗಳೂರಿನ 250 ಅಂಗನವಾಡಿಗಳಿಗೆ ‘ಸರ್ಕಾರಿ ಮಾಂಟೆಸ್ಸರಿ’ ಎಂಬ ಹೆಸರು ಬಂತು. ಬಡವರ ಮಗುವಿಗೂ ಸಮವಸ್ತ್ರ, ಇಂಗ್ಲಿಷ್ ಬೇಕು ಎಂಬ ತಾಯಂದಿರ ಆಸೆ ನ್ಯಾಯವಾದದ್ದು. ಖಾಸಗಿ ಎಲ್‌ಕೆಜಿಗೆ ದುಡ್ಡು ಸುರಿಯುವ ನಮಗೆ ಅದನ್ನು ಟೀಕಿಸುವ ಯೋಗ್ಯತೆಯಿಲ್ಲ. ಆದರೆ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು, ಯುದ್ಧದಿಂದಾಗಿ 1946ರವರೆಗೂ ಭಾರತದಲ್ಲೇ ಉಳಿದಿದ್ದ ಮರಿಯಾ ಮಾಂಟೆಸ್ಸರಿ ಕಲಿಸಿದ್ದು, ದೊಡ್ಡವರು ಬಾಯಿ ಮುಚ್ಚಿ ಮಗುವನ್ನು ಗಮನಿಸುವುದನ್ನು. ಗಮನಿಸಲು ಪುರುಸೊತ್ತಿಲ್ಲದವರಿಗೆ ಆ ಬೋರ್ಡು ಕೊಟ್ಟು ಏನು ಫಲ? ಎರಡು ಇಲಾಖೆಗಳು ಮಗು ಯಾರ ಕೊಠಡಿಯಲ್ಲಿ ಕೂರಬೇಕೆಂದು ಜಗ್ಗಾಡುವ ಬದಲು, ಎಲ್‌ಕೆಜಿ ಶಿಕ್ಷಕಿಯ ಆ ಹುದ್ದೆಯನ್ನೇ ಅಂಗನವಾಡಿಗೆ ಕೊಟ್ಟಿದ್ದರೆ ತಮಿಳುನಾಡಿನ ಆ ಲೆಕ್ಕ ನಮ್ಮಲ್ಲೂ ಕೂಡುತ್ತಿತ್ತು ಎಂಬುದು ನನ್ನ ಅನಿಸಿಕೆ. ಬಂಗಾಳವೂ ಯುನಿಸೆಫ್ ನೆರವಿನಿಂದ ಕೆಲವು ಕೇಂದ್ರಗಳನ್ನು ‘ಶಿಶು ಆಲಯ’ ಎಂದು ಬಣ್ಣ, ಆಟಿಕೆಗಳಿಂದ ಸಜ್ಜುಗೊಳಿಸಿದೆ. ಮಾಶಿಯ ಹಳ್ಳಿಯ ಕೇಂದ್ರ ಆ ಪಟ್ಟಿಯಲ್ಲಿಲ್ಲ.

ಮೂರು ವರ್ಷದ ಒಳಗಿನವರ ವಿಷಯದಲ್ಲಿ ಕರ್ನಾಟಕ ಮಾಡಿದ ಒಂದು ಒಳ್ಳೆಯ ಕೆಲಸ ‘ಕೂಸಿನ ಮನೆ’. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಶಿಶುಪಾಲನಾ ಕೇಂದ್ರ ತೆರೆಯುವುದಾಗಿ 2023-24ರ ಬಜೆಟ್ಟಿನಲ್ಲಿ ಹೇಳಲಾಯಿತು. ನೋಡಿಕೊಳ್ಳುವವರೂ ಹಳ್ಳಿಯ ಹೆಂಗಸರೇ. ಕೇಂದ್ರ ಮನೆಯ ಹತ್ತಿರ ಇರುತ್ತದೆ ಎಂಬುದೇ ಅದರ ಗುಣ. ನಗರದ ನಮಗೆ ಇರುವ ಕಾನೂನಿನ ದೋಷವೂ ಅಲ್ಲೇ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ 26 ವಾರದ ರಜೆಯ ಜೊತೆಗೆ 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಕಡ್ಡಾಯ ಮಾಡಿತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಮುಂದುವರಿದಿದೆ. ನಮ್ಮ ಆಫೀಸು ಸಾಲ್ಟ್ ಲೇಕ್‌ನ ಸೆಕ್ಟರ್ 5ರಲ್ಲಿ. ಬೆಹಾಲಾದಿಂದ ಹೋಗಲು ಒಂದೂವರೆ ಗಂಟೆ. ಜೋಕಾ-ಮಾಝೆರ್‌ಹಾಟ್ ಮೆಟ್ರೊ ಆ ಕಡೆಗೆ ಹೋಗುವುದಿಲ್ಲ. ಕಚೇರಿಯ ಕಟ್ಟಡದಲ್ಲಿ ಎಷ್ಟು ಚೆಂದದ ಕೇಂದ್ರವಿದ್ದರೂ ಎರಡು ವರ್ಷದ ಮಗುವನ್ನು ದಿನಕ್ಕೆ ಮೂರು ಗಂಟೆ ಬಸ್ಸಿನ ಹೊಗೆಯಲ್ಲಿ ತಿರುಗಿಸುವವರು ಯಾರು? ಜೊತೆಗೆ, ಕೇಂದ್ರಕ್ಕೆ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡುವ ಹಕ್ಕನ್ನು ಕಾನೂನು ‘ಮಹಿಳೆ’ಗೆ ಕೊಟ್ಟಿದೆ. ಖಾಸಗಿ ಕಂಪನಿಯ ತಂದೆಗೆ ಒಂದು ದಿನದ ರಜೆಯನ್ನೂ ಅದು ಕಡ್ಡಾಯ ಮಾಡಿಲ್ಲ. ಮಗಳು ಹುಟ್ಟಿದಾಗ ನನಗೆ ಸಿಕ್ಕಿದ್ದು ಐದು ದಿನ, ಅದೂ ಕಂಪನಿಯ ದೊಡ್ಡ ಮನಸ್ಸಿನಿಂದ. ಹಾಗಿದ್ದಾಗ ಮಗುವಿನ ಸಮಯವನ್ನು ತಾಯಿ, ಅಜ್ಜಿ, ಮಾಶಿ, ಅಂಗನವಾಡಿ ಟೀಚರ್ ಹೀಗೆ ಹೆಂಗಸರೇ ಒಬ್ಬರಿಂದೊಬ್ಬರು ಕಡ ಪಡೆದು ತೀರಿಸಬೇಕಾಗುತ್ತದೆ.

ಬೆಹಾಲಾದ ಬಗ್ಗೆ ಒಂದು ಒಳ್ಳೆಯ ಮಾತು. ಇಲ್ಲಿನ ಒಳದಾರಿಗಳಲ್ಲಿ ಇನ್ನೂ ‘ಪಾರಾ’ ಉಳಿದಿದೆ. ನಮ್ಮ ಓಣಿ ಇದ್ದಂತೆ. ಹಳೆಯ ಮನೆಗಳ ಮುಂದೆ ಜಗಲಿಯಂಥದೊಂದು ಕಟ್ಟೆಯಿರುತ್ತದೆ, ‘ರೋಕ್’ ಅನ್ನುತ್ತಾರೆ. ಸಂಜೆ ಅಲ್ಲಿ ಕೂರುವ ನಿವೃತ್ತ ಗಂಡಸರಿಗೆ ರಾಜಕೀಯ, ಫುಟ್‌ಬಾಲ್ ಮುಗಿದ ಮೇಲೂ ಸಮಯ ಉಳಿಯುತ್ತದೆ. ಮಗಳು ಅವರ ಮುಂದೆ ನಿಂತು ಕನ್ನಡ, ಬಂಗಾಳಿ ಕಲಸಿ ಏನೋ ಹೇಳುತ್ತಾಳೆ. ಅವರು ಪೂರ್ತಿ ಕೇಳಿ ‘ತಾಇ ನಾಕಿ?’ ಅನ್ನುತ್ತಾರೆ. ಹೌದೇನು ಎಂದರ್ಥ. ತಿಪಟೂರಿನ ಅತ್ತೆ ಬಟಾಣಿ ಬಿಡಿಸುತ್ತಾ ಹೇಳುತ್ತಿದ್ದ ಅದೇ ಮಾತು.

ಪ್ಲೇಸ್ಕೂಲಿನವರು ಅರ್ಜಿ ಕೊಡಲು ಈ ತಿಂಗಳ ಕೊನೆಯವರೆಗೆ ಸಮಯ ಕೊಟ್ಟಿದ್ದಾರೆ. ಅದನ್ನು ತುಂಬಿಲ್ಲ. ಪಕ್ಕದ ಬೀದಿಯಲ್ಲಿ ಒಬ್ಬ ನಿವೃತ್ತ ಶಿಕ್ಷಕಿ ಮನೆಯಲ್ಲೇ ಹತ್ತು ಹನ್ನೆರಡು ಮಕ್ಕಳನ್ನು ಬೆಳಿಗ್ಗೆ ಎರಡು ಗಂಟೆ ಕೂರಿಸಿಕೊಳ್ಳುತ್ತಾರೆ, ಮರಳು, ನೀರು, ಕಥೆ ಇಷ್ಟೇ ಎಂದು ಮಾಶಿ ವಿಚಾರಿಸಿ ಬಂದಿದ್ದಾರೆ. ಬರುವ ಸೋಮವಾರ ಹೋಗಿ ನೋಡಬೇಕು. ತನ್ನ ಮಗನನ್ನೂ ಅಂದು ಕರೆತರಬಹುದೇ ಎಂದು ಮಾಶಿ ಕೇಳಿದ್ದಾರೆ. ಶಾಲೆ ನೋಡಿದ ಹಾಗೂ ಆಗುತ್ತದೆ, ಮೆಟ್ರೊ ಹತ್ತಿದ ಹಾಗೂ ಆಗುತ್ತದೆ ಎಂದು ಅವನು ಒಂದು ವಾರದಿಂದ ಹಟ ಹಿಡಿದಿದ್ದಾನಂತೆ.